ಹೆಂಡತಿಗೆ ಹಣ್ಣು ತಂದ ಮಂಗಟ್ಟೆ

ಒಬ್ಬ ಶ್ರೀಮಂತ. ಹೆಸರು ಬೇಡ ಬಿಡಿ, ಹೇಳಿದರೆ ಮುಂದಿನ ಸಾಲಿನಲ್ಲಿ ಯಾರಾದರೂ ಕೆಮ್ಮುತ್ತಾರೆ. ಪೇಟೆಯಲ್ಲಿ ಅವನಿಗೊಂದು ಅಂಗಡಿ. ಕಾಡಂಚಿನ ಒಬ್ಬ ಬಡವ ಪ್ರತಿ ವರ್ಷ ಜೇನು, ಧೂಪ ತಂದು ಅಲ್ಲಿಗೆ ಹಾಕುತ್ತಿದ್ದ. ಜೇನು ತರುವವನು ಇವನು, ಕುಟುಕುವವನು ಮಾತ್ರ ಧಣಿ! ತಕ್ಕಡಿ ಹಿಡಿದು ಮೂಗಿನಲ್ಲೇ ರಾಗ ಎಳೆಯುತ್ತಿದ್ದ, ಹೀಗೆ: "ಏನೋ ಇದೂ... ಬೆಲ್ಲದ ಪಾಕ ಕಾಸಿ ತಂದ್ಯೇನೋ? ಹೋದ ವರ್ಷದ ರೇಟು ಈ ವರ್ಷ ಇಲ್ಲಪ್ಪಾ. ಬೇಕಾದ್ರೆ ಕೊಡು, ಇಲ್ಲಾಂದ್ರೆ ನೀನೇ ಕುಡಿ."

ನಗಿ, ನಗಿ. ಈ ದನಿ ನಾನು ಕಲಿತದ್ದು ನಿಮ್ಮ ಜಗುಲಿಗಳಲ್ಲೇ.

ಧಣಿಯ ಹೆಂಡತಿ ಕಾಡಂಚಿನಲ್ಲೇ ಹುಟ್ಟಿ ಬೆಳೆದವಳು. ಅವಳಿಗೆ ಒಂದೇ ಹಂಬಲ, ಇನ್ನೊಂದು ಸಲ ಮಂಗಟ್ಟೆ ಹಕ್ಕಿ ನೋಡಬೇಕು. ನೋಡಿ, ಆ ಹಕ್ಕಿಯ ಸಂಸಾರವೇ ಬೇರೆ. ಹೆಣ್ಣು ಮೊಟ್ಟೆಯಿಡಲು ಹಳೇ ಮರದ ಪೊಟರೆಯಲ್ಲಿ ಕೂತು ಬಾಗಿಲು ಮೆತ್ತಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಬಿಟ್ಟು. ಗಂಡು ಹಣ್ಣು ತಂದು ತಂದು ಆ ಸೀಳಿನಲ್ಲಿ ಉಣಿಸಬೇಕು. ಅದು ಹಾರಿ ಬಂದರೆ ರೈಲು ಬಂದ ಹಾಗೆ: ಹುಶ್ಶ್... ಹುಶ್ಶ್... ಹುಶ್ಶ್.

"ಆ ಸದ್ದಿಗೆ ನಮ್ಮಮ್ಮ ಒಲೆ ಬಿಟ್ಟು ಓಡಿ ಬರ್ತಿದ್ಲು ಕಣ್ರೀ. ಒಂದ್ಸಲ ಕರ್ಕೊಂಡು ಹೋಗಿ."

"ಮುಂದಿನ ವರ್ಷ."

ಎಷ್ಟು ಮುಂದಿನ ವರ್ಷಗಳು! ಕೊನೆಗೆ ಅವಳ ಕಣ್ಣು ಮಂಜಾಗತೊಡಗಿತು. ಧಣಿಗೆ ಗಾಬರಿಯಾಗಿ, ಆ ಬಡವನ ಹಿತ್ತಿಲಿಗೆ ಕರೆದುಕೊಂಡು ಹೋದ. ಅಲ್ಲಿನ ದೊಡ್ಡ ಧೂಪದ ಮರದಲ್ಲೇ ಮಂಗಟ್ಟೆ ಗೂಡಿತ್ತು.

ಹೋದರೆ ಬುಡ ಮಾತ್ರ ಇದೆ. ಮರ ಪ್ಲೈವುಡ್ ಕಾರ್ಖಾನೆಗೆ ಹೋಗಿತ್ತು.

ಅಷ್ಟರಲ್ಲಿ, ಹುಶ್ಶ್... "ಬಂತು ರೀ!" ಅಂದಳು ಆಕೆ. ಹಕ್ಕಿ ಬಂತು. ಕೊಕ್ಕಿನಲ್ಲಿ ಹಣ್ಣು. ಪೊಟರೆ ಇದ್ದ ಜಾಗದಲ್ಲಿ ಬರಿಯ ಗಾಳಿ. ಅಲ್ಲೇ ಸುತ್ತಿತು, ಮತ್ತೆ ಸುತ್ತಿತು.

"ಯಾರಿಗೆ ತಂದಿದೆಯಪ್ಪಾ?" ಪಕ್ಕದಲ್ಲಿ ನಿಂತಿದ್ದ ಬಡವನನ್ನು ಕೇಳಿದಳು ಆಕೆ.

"ಹೆಂಡ್ತಿಗೆ ಅಮ್ಮಾ. ಅವಳು ಮರದ ಜೊತೇನೇ ಹೋದ್ಲು. ಅದಕ್ಕೆ ಹೇಳೋರು ಯಾರು?"

ಧಣಿ ಸಿಡಿದ: "ಕರುಳಿಲ್ವೇನೋ ನಿಂಗೆ?"

"ಮಗಳು ಆಸ್ಪತ್ರೇಲಿದ್ಲು ಧಣಿ. ಜೇನು ಹೊತ್ಕೊಂಡು ನಿಮ್ಮ ಅಂಗಡಿಗೇ ಮೊದ್ಲು ಬಂದೆ. ನೀವು ಕೊಟ್ಟಿದ್ದು ಬಸ್ಸಿಗೇ ಸಾಲಲಿಲ್ಲ. ಮರ ನಿಂತಿದ್ದಾಗ ಅದಕ್ಕೆ ಬೆಲೆ ಕೊಟ್ಟೋರಿಲ್ಲ. ಬೀಳ್ಸಿದ್ರೆ ಕೊಡ್ತೀವಿ ಅಂತ ಲಾರಿಯೋರು ಮನೆಗೇ ಬಂದ್ರು."

"ಏಳು, ಹೊರಡೋಣ," ಅಂದ ಧಣಿ, ಮರದ ಬುಡದ ಮೇಲೆ ಕೂತಿದ್ದ ಹೆಂಡತಿಗೆ. ಆಕೆ ಏಳಲಿಲ್ಲ. "ಇನ್ನೊಂದ್ಸಲ ಬರತ್ತೇನೋ," ಅಂದಳು.

ಈಗ ಹೇಳಿ, ಮರ ಕಡಿದವರು ಯಾರು? ಕೊಡಲಿಯವನಾ? ಕೊಡಲಿ ಕಡೆಗೆ ಬಂತು ಸ್ವಾಮಿ, ತಕ್ಕಡಿ ಮೊದಲೇ ಬಂದಿತ್ತು. ನೀವ್ಯಾರೂ ಮರ ಕಡಿದಿಲ್ಲ. ನಾನೂ ಕಡಿದಿಲ್ಲ. ಆದರೆ ಚೌಕಾಸಿ ಮಾಡದವರು ಕೈ ಎತ್ತಿ ನೋಡೋಣ? ನನ್ನ ಕೈಯೂ ಮಡಿಲಲ್ಲೇ ಇದೆ.

ನಾಳೆ ಜೇನು, ಸೀಗೆ, ಅಂಟುವಾಳ ಹೊತ್ತು ಯಾರಾದರೂ ಬಾಗಿಲಿಗೆ ಬಂದರೆ ಕೇಳಿದ್ದು ಕೊಡಿ, ನೀರನ್ನೂ ಕೊಡಿ. ಮದುವೆಗೆ ಹೊಸ ಮಂಚ, ಹೊಸ ಬೀರು ಅನ್ನುವ ಮೊದಲು ಅಟ್ಟದ ಮೇಲಿನ ಹಳೆಯದನ್ನು ಇಳಿಸಿ ಬಡಗಿಗೆ ತೋರಿಸಿ. ನಿಂತ ಮರದಿಂದ ಆ ಜೇನಿನವನ ಮನೆಗೆ ಅನ್ನ ಬರಲಿ, ಅವನೇ ಅದನ್ನು ಕಾಯುತ್ತಾನೆ.

ಹೆಣ್ಣು ಹಕ್ಕಿ ಒಳಗೆ ಕೂತಿರುವ ಮರಗಳು ಕಾಡಿನಲ್ಲಿ ಇನ್ನೂ ಇವೆ. ಗಂಡು ಹಣ್ಣಿಗೆ ಹೋಗಿದೆ. ಅದು ತಿರುಗಿ ಬರುವ ಹೊತ್ತಿಗೆ ಮರ ಇರಬೇಕು.