ನೇಕಾರ ಪೆದ್ದಪ್ಪ ಸಮುದ್ರದಿಂದ ಜೀವಂತವಾಗಿ ಮರಳಿದ ಬಗ್ಗೆ

ಹೆಸರು ಪೆದ್ದಪ್ಪ, ತಂದೆ ನಾರಪ್ಪ, ವಯಸ್ಸು ಮೂವತ್ತನಾಲ್ಕು, ಕಸುಬು ನೇಯ್ಗೆ, ವಾಸ ಹಿಂದೂಪುರ. ನಾನು ಸ್ವಇಚ್ಛೆಯಿಂದ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನನ್ನನ್ನು ಯಾರೂ ಕೊಂದಿಲ್ಲ.

ಪರಿಗಿಯ ಹುಣಸೆಹಣ್ಣಿನ ವ್ಯಾಪಾರಿ ತೋಟಪ್ಪ ನನ್ನ ಬಾಲ್ಯದ ಗೆಳೆಯ. ಕಳೆದ ಮೇ ತಿಂಗಳಲ್ಲಿ ಅವನ ಸರಕಿನ ಜೊತೆ ರೈಲಿನಲ್ಲಿ ಮಂಗಳೂರಿಗೆ ಹೋದೆ. ಸಮುದ್ರ ನೋಡುವ ಆಸೆಯಿತ್ತು. ಬಂದರಿನಲ್ಲಿ ಸರಕು ಸಾಗಿಸುವ ಎರಡು ಹಾಯಿಹಡಗುಗಳು ಮಳೆಗಾಲಕ್ಕೆ ಮುಂಚಿನ ಕೊನೆಯ ಪಯಣಕ್ಕೆ ಸಿದ್ಧವಾಗಿದ್ದವು. ಮುಂಬಯಿಯನ್ನು ಯಾರು ಮೊದಲು ಮುಟ್ಟುತ್ತಾರೆಂದು ಅವುಗಳ ನಡುವೆ ಪಂದ್ಯವಿತ್ತು. ಒಂದರಲ್ಲಿ ಹಾಯಿ ಹೊಲಿಯುವವನು ಜ್ವರದಿಂದ ಮಲಗಿದ್ದ. ಆ ಹಡಗು ನಡೆಸುವ ತಾಂಡೇಲ ಬದಲಿ ಆಳು ಹುಡುಕುತ್ತಿದ್ದ. ನಾನು ಬರುತ್ತೇನೆಂದೆ.

ತೋಟಪ್ಪ ನನ್ನ ತೋಳು ಹಿಡಿದು, "ಕೆರೆಗೇ ಇಳಿದೋನಲ್ಲ ನೀನು, ಸಮುದ್ರಕ್ಕೆ ಹೋಯ್ತೀಯೇನ್ಲಾ?" ಎಂದ. ತಿಂಗಳಲ್ಲಿ ಬರುತ್ತೇನೆ, ನನ್ನ ಹೆಂಡತಿ ಚೌಡೇಶ್ವರಿಗೆ ತಿಳಿಸು ಎಂದು ಹೇಳಿ ಹಡಗು ಹತ್ತಿದೆ.

ಮೊದಲ ಎರಡು ದಿನ ವಾಂತಿ ಬಿಟ್ಟು ಬೇರೆ ಕೆಲಸ ಮಾಡಲಿಲ್ಲ. ಕಾರವಾರ ದಾಟಿದ ಮೇಲೆ ಬಿರುಗಾಳಿ ಎದ್ದಿತು. ಅಲೆಗಳು ನಮ್ಮ ತಲೆಯ ಮೇಲೆಯೇ ಬೀಳುತ್ತಿದ್ದವು. ಎಲ್ಲರೂ ನೀರು ಮೊಗೆದು ಚೆಲ್ಲುತ್ತಿರುವಾಗ ದೊಡ್ಡ ಹಾಯಿ ಹರಿಯಿತು. ಹಾಯಿ ಇಲ್ಲದಿದ್ದರೆ ಬಂಡೆಗೆ ಬಡಿಯುತ್ತೇವೆಂದು ತಾಂಡೇಲ ಕೂಗಿದ. ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಹಾಯಿಕಂಬಕ್ಕೆ ಬಿಗಿದರು. ಇಬ್ಬರು ಬಟ್ಟೆ ಹಿಡಿದರು, ನಾನು ಹೊಲಿದೆ. ದಬ್ಬಳ ಎಡ ಅಂಗೈಗೆ ಹೊಕ್ಕಿತು. ಭಯದಿಂದ "ಚೌಡೇಶ್ವರೀ" ಎಂದು ಹೆಂಡತಿಯನ್ನು ಕೂಗುತ್ತಿದ್ದೆ. ಹಡಗಿನವರು ಅದನ್ನು ನಮ್ಮ ಮನೆದೇವರೆಂದು ತಿಳಿದು ತಾವೂ ಕೈಮುಗಿದು ಕೂಗಿದರು. ಹೊಲಿಗೆ ಗಾಳಿಗೆ ತಡೆಯಿತು.

ಸಂಜೆ ನೋಡಿದರೆ ಇನ್ನೊಂದು ಹಡಗು ಕಂಬ ಮುರಿದುಕೊಂಡು ಅಲೆಗಳಲ್ಲಿ ಹೊರಳಾಡುತ್ತಿತ್ತು. ಬಿಟ್ಟು ಹೋಗಿದ್ದರೆ ಪಂದ್ಯ ನಮ್ಮದೇ. ತಾಂಡೇಲ ಅದರತ್ತ ಚುಕ್ಕಾಣಿ ತಿರುಗಿಸಿದ. ಅವರಿಗೆ ಹಗ್ಗ ಎಸೆದು, ಆ ಹಡಗನ್ನು ಎಳೆದುಕೊಂಡೇ ಮುಂಬಯಿ ಮುಟ್ಟಿದೆವು. ದಡದಲ್ಲಿ ಎರಡೂ ಹಡಗಿನವರು ಒಟ್ಟಿಗೆ ಕುಳಿತು ಉಂಡೆವು.

ಅಂಗೈಯ ಗಾಯ ಕೀವಾಗಿ ಅಲ್ಲಿಯ ಆಸ್ಪತ್ರೆಯಲ್ಲಿ ಬಹಳ ದಿನ ಉಳಿಯಬೇಕಾಯಿತು. ನನಗೆ ಓದುಬರಹ ಬಾರದ್ದರಿಂದ ಮನೆಗೆ ಸುದ್ದಿ ಮುಟ್ಟಲಿಲ್ಲ.

ಇತ್ತ ತೋಟಪ್ಪ ನಡೆದದ್ದನ್ನೇ ಹೇಳಿದ್ದಾನೆ. ಚೌಡೇಶ್ವರಿ, "ಸಮುದ್ರವಂತೆ! ಮಗ್ಗದ ಗುಂಡಿ ಬಿಟ್ಟು ಎದ್ದೋರಲ್ಲ ಕಣಪ್ಪ ನಮ್ಮೋರು" ಎಂದು ನಂಬಲಿಲ್ಲ. ಕಲ್ಯಾಣದುರ್ಗದಲ್ಲಿರುವ ನನ್ನ ಅಕ್ಕ ರಾಮಕ್ಕನ ಮನೆಯಲ್ಲೂ ಹುಡುಕಿ, ಕೊನೆಗೆ ತೋಟಪ್ಪನೇ ನನ್ನನ್ನು ಏನೋ ಮಾಡಿದ್ದಾನೆಂದು ದೂರು ಕೊಟ್ಟಿದ್ದಾಳೆ. ನಿನ್ನೆ ಅವನನ್ನು ವಿಚಾರಣೆಗೆ ಕರೆತಂದಿದ್ದಾರೆ.

ಈ ಬೆಳಿಗ್ಗೆ ರೈಲಿಳಿದು ಮನೆಗೆ ಹೋದೆ. ಹೆಂಡತಿ ಮೊದಲು ಅತ್ತಳು, ಆಮೇಲೆ ಬೈದಳು, ನೀರು ಕುಡಿಯಲೂ ಬಿಡದೆ ಇಲ್ಲಿಗೆ ಎಳೆತಂದಳು. ನನ್ನನ್ನು ಕಂಡ ತೋಟಪ್ಪ ದಡಕ್ಕನೆ ಎದ್ದು, "ಗೆದ್ಬುಟ್ರೇನ್ಲಾ?" ಎಂದ.

"ಹಗ್ಗದುದ್ದ ಗೆದ್ವಿ ಕಣ್ಲಾ" ಎಂದೆ. ದಫೇದಾರರೂ ನಕ್ಕರು.

ತೋಟಪ್ಪನ ಮೇಲೆ ನಮ್ಮ ದೂರು ಏನೂ ಇಲ್ಲ. ಅವನನ್ನು ಬೇಗ ಬಿಡಬೇಕಾಗಿ ಕೋರುತ್ತೇನೆ. ಚೌಡೇಶ್ವರಿ ಅವನಿಗೆಂದು ಅಡಿಗೆಗೆ ಇಡಲು ಆಗಲೇ ಮನೆಗೆ ಹೋಗಿದ್ದಾಳೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ ಹಾಗೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಹಿಂದೂಪುರ
ದಿನಾಂಕ: 19-7-1937
ಪೆದ್ದಪ್ಪನ ಹೆಬ್ಬೆಟ್ಟಿನ ಗುರುತು