ಆಯಸ್ಕಾಂತ ಹಿಡಿಯದ ಶಿಲುಬೆ

ಹೆಸರು: ಎಕಾರ್ಟ್ ಟೀಮನ್. ವಯಸ್ಸು: 63. ಕಸುಬು: ಕನ್ನಡಕದ ಅಂಗಡಿ. ವಾಸ: ಮಿಂಡೆನ್ ಪಟ್ಟಣ, ಹಳೇ ಮೀನುಪೇಟೆ ಬೀದಿ, ಮನೆ ನಂಬರ್ 14.

ಠಾಣೆಗೆ ನಾನಾಗಿಯೇ ನಡೆದು ಬಂದು, ಯಾರ ಒತ್ತಾಯವೂ ಇಲ್ಲದೆ ಬರೆಸುತ್ತಿರುವುದೇನೆಂದರೆ:

ನಾನು ಜರ್ಮನ್ ಸೇನೆಯ ಹಳೆಯ ಪದಕಗಳನ್ನು ಮೂವತ್ತು ವರ್ಷಗಳಿಂದ ಸಂಗ್ರಹಿಸುತ್ತಿದ್ದೇನೆ. ನಮ್ಮೂರಿನ ಪದಕ ಸಂಗ್ರಾಹಕರ ಸಂಘದಲ್ಲಿ ಯಾವುದು ಅಸಲಿ, ಯಾವುದು ನಕಲಿ ಎಂದು ಹೇಳುವ ಕೆಲಸ ನನ್ನದು. ಸಂಘದವರು ವರ್ಷಕ್ಕೆರಡು ಸಲ ಬಂದೂಕು ಗುರಿಕಾರರ ಕ್ಲಬ್ಬಿನ ಸಭಾಂಗಣದಲ್ಲಿ ಶನಿವಾರ, ಭಾನುವಾರ ಪದಕಗಳ ಸಂತೆ ನಡೆಸುತ್ತಾರೆ. ಬಾಗಿಲ ಹತ್ತಿರದ ಮೊದಲ ಮೇಜು ನನ್ನದು.

ನಿನ್ನೆ ಶನಿವಾರ ಬೆಳಿಗ್ಗೆ ಸುಮಾರು 11 ಗಂಟೆಗೆ ಹೆಡ್ಡಾ ರುಸ್ಟೆಮಾಯರ್ ಎಂಬ, ಎಪ್ಪತ್ತು ದಾಟಿದ ಹೆಂಗಸು ಕರವಸ್ತ್ರದಲ್ಲಿ ಸುತ್ತಿದ 'ಕಬ್ಬಿಣದ ಶಿಲುಬೆ' ಎಂಬ ಒಂದು ಶೌರ್ಯ ಪದಕವನ್ನು ತಂದರು. 1914ರ ಯುದ್ಧದಲ್ಲಿ ತಮ್ಮ ತಾತನಿಗೆ ಕೊಟ್ಟದ್ದು ಎಂದರು. ಆದರೆ ತಾತ ಅದನ್ನು ಎಲ್ಲೋ ಸಂತೆಯಲ್ಲಿ ಕೊಂಡು ಎದೆಗೆ ಚುಚ್ಚಿಕೊಂಡನೆಂದು ಅಣ್ಣ ಚಿಕ್ಕಂದಿನಿಂದ ಹಂಗಿಸುತ್ತಾನೆ, ಪ್ರತಿ ಕ್ರಿಸ್‌ಮಸ್ ಊಟಕ್ಕೂ ಇದೇ ಜಗಳ, ಅವನೀಗ ಹಾಸಿಗೆ ಹಿಡಿದಿದ್ದಾನೆ, ಅವನು ಕಣ್ಣು ಮುಚ್ಚುವ ಮೊದಲು ಇದೊಂದು ತೀರ್ಮಾನವಾಗಬೇಕು ಎಂದರು. ತಾತ ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸದಲ್ಲಿದ್ದ ಎಂದೂ ಹೇಳಿದರು. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಸುತ್ತ ಜನ ಸೇರಿದ್ದರು. ಜನ ಸೇರಿದರೆ ನನ್ನ ನಾಲಿಗೆಗೆ ಲಗಾಮಿಲ್ಲ ಎಂದು ನನ್ನ ಹೆಂಡತಿ ಹೇಳುವುದು ಸುಳ್ಳಲ್ಲ.

ಈ ಪದಕದ ನಡುವಿನ ಕಪ್ಪು ತಗಡು ಕಬ್ಬಿಣದ್ದು, ಸುತ್ತಲಿನ ಅಂಚು ಬೆಳ್ಳಿಯದು. ಅದಕ್ಕೇ ನಮ್ಮಲ್ಲಿ ಮೊದಲು ದಾರಕ್ಕೆ ಕಟ್ಟಿದ ಆಯಸ್ಕಾಂತವನ್ನು ಇಳಿಬಿಡುವುದು ರೂಢಿ. ಹಿಡಿದರೆ ಮುಂದಿನ ಪರೀಕ್ಷೆ, ಹಿಡಿಯದಿದ್ದರೆ ನಕಲಿ. ನಾನು ಇಳಿಬಿಟ್ಟೆ. ಹಿಡಿಯಲಿಲ್ಲ. ಭೂತಗನ್ನಡಿಯನ್ನು ಮುಟ್ಟಲೂ ಇಲ್ಲ. "ನಿಮ್ಮಣ್ಣ ಜಾಣ ಕಣಮ್ಮಾ! ಇದಕ್ಕಿಂತ ನಮ್ಮನೆ ಬಾಗಿಲ ಚಿಲಕಕ್ಕೆ ಮರ್ಯಾದೆ ಜಾಸ್ತಿ" ಎಂದು ಸಭಾಂಗಣಕ್ಕೆಲ್ಲ ಕೇಳುವಂತೆ ಹೇಳಿದೆ. ಜನ ನಕ್ಕರು. ಆಕೆ ಖಾಲಿ ಕರವಸ್ತ್ರವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು, ಪದಕವನ್ನು ಮೇಜಿನ ಮೇಲೇ ಬಿಟ್ಟರು. ಪಕ್ಕದ ಮೇಜಿನ ವ್ಯಾಪಾರಿ ಲುಟ್ಸ್ ಬೇಂಕೆ, "ಬಿಡಿ ಅಮ್ಮಾ, ನನ್ನ ಗುಜರಿ ಡಬ್ಬಕ್ಕೆ ಹಾಕ್ತೀನಿ, ನಿಮಗ್ಯಾಕೆ ಭಾರ" ಎಂದು ಎತ್ತಿಕೊಂಡ. ಆಕೆ ತಲೆಯಾಡಿಸಿ ಹೊರಟುಹೋದರು.

ಸಂಜೆ ಊಟಕ್ಕೆ ಕೂತೆ. ಏನೋ ಮರೆತಂತೆ ಕಸಿವಿಸಿ. ಹೆಂಡತಿ ಮಾರ್ಲೀಸ್, "ರೀ, ಅದು ಬಟಾಣಿ ಸಾರು, ನದಿ ಅಲ್ಲ. ಹುಟ್ಟು ಹಾಕಿದ್ದು ಸಾಕು, ಕುಡೀರಿ" ಎಂದಳು. ಆಗ ಹಡಗು ನೆನಪಾಯಿತು. ಉಪ್ಪು ನೀರಿಗೆ ತುಕ್ಕು ಹಿಡಿಯಬಾರದೆಂದು ನಾವಿಕರ ಕೆಲವು ಪದಕಗಳಿಗೆ ಕಬ್ಬಿಣದ ಬದಲು ಹಿತ್ತಾಳೆ ಹಾಕುತ್ತಿದ್ದರು. ಅದನ್ನು ಆಯಸ್ಕಾಂತ ಹಿಡಿಯುವುದಿಲ್ಲ. ಸಂಘಕ್ಕೆ ಬರುವ ಹೊಸಬರಿಗೆ ಈ ಪಾಠ ಹೇಳುವವನು ನಾನೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾತ್ರಿ ಮಲಗಿದ್ದು ಮೈ ಮಾತ್ರ.

ಇಂದು ಬೆಳಿಗ್ಗೆ 9 ಗಂಟೆಗೆ ಬಾಗಿಲು ತೆರೆಯುತ್ತಲೇ ಬೇಂಕೆಯ ಮೇಜಿಗೆ ಹೋದೆ. ಪದಕ ಗುಜರಿ ಡಬ್ಬದಲ್ಲಿರಲಿಲ್ಲ. ನೀಲಿ ಮಖಮಲ್ಲಿನ ಮೇಲೆ ಕೂತಿತ್ತು, ಪಕ್ಕದಲ್ಲಿ 'ನೌಕಾಪಡೆ, ಅಪರೂಪ' ಎಂಬ ಚೀಟಿ. ಭೂತಗನ್ನಡಿ ಹಿಡಿದು ನೋಡಿದೆ. ಬೆಳ್ಳಿಯ ಅಂಚಿನ ಮೂಲೆಗಳಲ್ಲಿ ಬೆಸುಗೆಯ ಗೆರೆಯಿತ್ತು, ನಡುವಿನ ತಗಡು ಪ್ರತ್ಯೇಕ ತುಂಡಾಗಿತ್ತು, ಕಪ್ಪು ಸವೆದಲ್ಲಿ ಹಿತ್ತಾಳೆ ಇಣುಕುತ್ತಿತ್ತು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗೆ ಬೆಸುಗೆ ಇರುವುದಿಲ್ಲ.

ಆ ಅಮ್ಮನಿಗೆ ಇದನ್ನು ವಾಪಸ್ ಕೊಡು ಎಂದು ಬೇಂಕೆಗೆ ಹೇಳಿದೆ. "ಏನಯ್ಯಾ ಎಕಾರ್ಟ್, ನಿನ್ನೆ ನೀನೇ ತಾನೇ ಚಿಲಕ ಅಂದಿದ್ದು? ಚಿಲಕಕ್ಕೆ ಯಾಕಯ್ಯಾ ಇಷ್ಟು ಒದ್ದಾಟ?" ಎಂದ. ನಿನ್ನೆಯೇ ನಿನಗೆ ಗೊತ್ತಿತ್ತೇ ಎಂದು ಕೇಳಿದೆ. "ನನ್ನನ್ನ ಯಾರು ಕೇಳಿದ್ರು? ಪಂಡಿತ ನೀನು" ಎಂದ. ನನಗೆ ಮೈಯೆಲ್ಲ ಉರಿಯಿತು. ಪದಕವನ್ನು ಎತ್ತಿ ಜೇಬಿಗೆ ಹಾಕಿಕೊಂಡು ಹೊರಗೆ ನಡೆದೆ. ಹಿಂದಿನಿಂದ ಕಳ್ಳ, ಕಳ್ಳ ಎಂದು ಕೂಗಿದ. ಇದು ನಿಜ, ನಾನು ಕೇಳದೆ ತೆಗೆದುಕೊಂಡಿದ್ದೇನೆ.

ಸಭಾಂಗಣದ ಹೊರಗೆ ಕಾಫಿ, ಕೇಕು ಮಾರುವಾಕೆ ರುಸ್ಟೆಮಾಯರ್ ಅವರ ನೆರೆಯವಳು. ಆಕೆಯಿಂದ ಮನೆಯ ಗುರುತು ಕೇಳಿಕೊಂಡು ಸೇತುವೆ ದಾಟಿ ಹೋದೆ. ರುಸ್ಟೆಮಾಯರ್ ಅವರು ಬಾಗಿಲನ್ನು ಅರ್ಧ ಮಾತ್ರ ತೆರೆದರು. ಪದಕ ಅಸಲಿ, ತಪ್ಪು ನನ್ನದು ಎಂದೆ. ಅವರು ಕೈ ಚಾಚಲಿಲ್ಲ. "ರಾತ್ರಿಯೇ ಅಣ್ಣನಿಗೆ ಫೋನ್ ಮಾಡಿ ನೀನೇ ಗೆದ್ದೆ ಅಂತ ಹೇಳಿಬಿಟ್ಟೆ. ನಗ್ತಾನೆ ಅಂದುಕೊಂಡಿದ್ದೆ, ಅತ್ತುಬಿಟ್ಟ" ಎಂದರು. "ಇಷ್ಟು ವರ್ಷ ಸೋಲಬೇಕು ಅಂತಲೇ ಜಗಳ ಆಡ್ತಿದ್ನೇನೋ, ಯಾರಿಗೆ ಗೊತ್ತು" ಎಂದರು. ನಾನು ಪದಕವನ್ನು ಮತ್ತೆ ಮುಂದೆ ಚಾಚಿದೆ. ಆಗ ಅವರು, "ನಿನ್ನೆ ಊರಿಗೆಲ್ಲ ಕೇಳೋ ಹಾಗೆ ಕೂಗಿದ್ರಿ. ಇವತ್ತು ನಮ್ಮನೆ ಬಾಗಿಲಲ್ಲಿ ಪಿಸುಗುಡ್ತೀರಾ? ಅದೇ ಜಾಗದಲ್ಲಿ ನಿಂತು, ಅದೇ ದನೀಲಿ ಹೇಳಿ. ನಮ್ಮಣ್ಣನ ಕಿವಿಗೆ ಅದು ತಾನಾಗೇ ಬೀಳ್ಲಿ. ಆಮೇಲೆ ತಗೋತೀನಿ" ಎಂದು ಬಾಗಿಲು ಹಾಕಿದರು.

ನಾನು ಸಭಾಂಗಣಕ್ಕೆ ಮರಳಿದೆ. ಬಾಗಿಲಲ್ಲೇ ಸಂಘದ ಅಧ್ಯಕ್ಷರು ಅಡ್ಡ ನಿಂತರು, ಹಿಂದೆ ಬೇಂಕೆ ಇದ್ದ. ಒಳಗೆ ಕಾಲಿಟ್ಟರೆ ಪೊಲೀಸರನ್ನು ಕರೆಸುತ್ತೇವೆ ಎಂದರು. ನಿಮಗೇಕೆ ತೊಂದರೆ, ನಾನೇ ಹೋಗುತ್ತೇನೆ ಎಂದು ಇಲ್ಲಿಗೆ ಬಂದು ಪದಕವನ್ನು ಅಧಿಕಾರಿಗಳ ಮೇಜಿನ ಮೇಲಿಟ್ಟಿದ್ದೇನೆ.

ಕಳವಿನ ಕೇಸು ಹಾಕುವುದಾದರೆ ಹಾಕಲಿ, ನನ್ನ ತಕರಾರಿಲ್ಲ. ತೀರ್ಮಾನವಾಗುವವರೆಗೆ ಪದಕವನ್ನು ಬೇಂಕೆಗೆ ಕೊಡಬಾರದು. ಸಂತೆ ಸಂಜೆ 4ಕ್ಕೆ ಮುಗಿಯುತ್ತದೆ. ಅದರೊಳಗೆ ಬೇಕಾದರೆ ಕೈಗೆ ಕೋಳ ಹಾಕಿಯಾದರೂ ನನ್ನನ್ನು ಆ ಸಭಾಂಗಣದೊಳಗೆ ಐದು ನಿಮಿಷ ನಿಲ್ಲಿಸಬೇಕೆಂದು ಬೇಡಿಕೊಳ್ಳುತ್ತೇನೆ. ಹೇಳಿಕೆ ಬರೆದುಕೊಳ್ಳುತ್ತಿರುವ ಅಧಿಕಾರಿಗಳು ಮೆಲ್ಲಗೆ ಮಾತಾಡಿ ಎಂದು ಎರಡು ಸಲ ಎಚ್ಚರಿಸಿದ್ದಾರೆ. ಕ್ಷಮಿಸಬೇಕು, ನಾನು ನಿನ್ನೆಯ ಆ ದನಿಯನ್ನು ಅಭ್ಯಾಸ ಮಾಡುತ್ತಿದ್ದೇನೆ.

ಬರೆದದ್ದನ್ನು ನನಗೆ ಓದಿ ಕೇಳಿಸಿದರು. ನಾನು ಹೇಳಿದಂತೆಯೇ ಇದೆ. ಎಲ್ಲವೂ ನಿಜ. ಪದಕ ಅಸಲಿ.

ಸ್ಥಳ: ಮಿಂಡೆನ್
ದಿನಾಂಕ: 13 ಅಕ್ಟೋಬರ್ 2019, ಭಾನುವಾರ, ಮಧ್ಯಾಹ್ನ 2.30
ಸಹಿ: ಎಕಾರ್ಟ್ ಟೀಮನ್