ಪಾಸ್ಟರ್ ಕೇಳಿಸಿಕೊಂಡ ಪಾಪ

ಮಳೆ ಹಿಡಿದು ಎರಡು ಗಂಟೆಯಾಗಿತ್ತು. ಹಾಡಿನ ಅಭ್ಯಾಸ ಮುಗಿಸಿದ ಹೆಂಗಸರು ಚರ್ಚಿನ ಜಗುಲಿಯಲ್ಲೇ ಸಿಕ್ಕಿಕೊಂಡಿದ್ದರು. ಚರ್ಚಿನ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಮುದುಕಿ ಅವರ ನಡುವೆ ಕಾಲು ಚಾಚಿ ಕೂತು, ಒಳಗಿನ ಮೂಲೆಯ ಮರದ ಪೆಟ್ಟಿಗೆಯ ಕಡೆ ಗದ್ದದಿಂದಲೇ ತೋರಿಸಿದಳು.

"ನಾನು ಹನ್ನೆರಡು ದೆವ್ವ ಕಂಡೋಳು ಕಣ್ರೇ. ಸರಿ, ಅರ್ಧ ಸುಳ್ಳು, ಆರು ಅಂತ ಇಟ್ಕೊಳ್ಳಿ. ಇದು ಆ ಆರರಲ್ಲಿ ಬರೋದು.

"ಮೊದಲು ಇದು ಫಾದರ್ ಕಡೆಯವರ ಚರ್ಚು. ಅವರು ಬೇರೆ ದೊಡ್ಡದು ಕಟ್ಕೊಂಡು ಹೋದ್ಮೇಲೆ ನಮ್ಮ ಪಾಸ್ಟರ್ ಕಡೆಯವರು ತಗೊಂಡ್ರು. ಎಲ್ಲ ಸಾಗಿಸಿದ್ರು, ಆ ಪಾಪನಿವೇದನೆ ಪೆಟ್ಟಿಗೆ ಮಾತ್ರ ಹತ್ತು ಆನೆ ಎಳೆದ್ರೂ ಅಲ್ಲಾಡ್ಲಿಲ್ಲ. ಅವರ ಪದ್ಧತಿ ಗೊತ್ತಲ್ಲ... ಒಳಗೆ ಫಾದರ್ ಕೂರೋದು, ಜಾಲರಿ ಆಚೆ ಪಾಪ ಮಾಡ್ದೋನು ಹಲಗೆ ಮೇಲೆ ಮಂಡಿಯೂರಿ ಹೇಳ್ಕೊಳ್ಳೋದು, ಕೇಳಿದ್ದನ್ನ ಫಾದರ್ ತಲೆ ಹೋದ್ರೂ ಹೊರಗೆ ಬಿಡ್ಬಾರ್ದು. ನಮ್ಮಲ್ಲಿ ಅದಿಲ್ಲ, ನೇರ ದೇವರಿಗೇ ಹೇಳ್ಕೋ ಅಂತಾರೆ. ಫಾದರ್ ಮೇಲೆ ಬಿಷಪ್ಪು, ನಮ್ಮ ಪಾಸ್ಟರ್ ಮೇಲೆ ಹೆಂಡ್ತಿ. ಅವಳಿಗೆ ಹೇಳದೆ ಇದ್ರೆ ಆ ಪುಣ್ಯಾತ್ಮನಿಗೆ ಉಂಡಿದ್ದು ಅರಗ್ತಿರಲಿಲ್ಲ.

"ಒಂದು ಶನಿವಾರ ಮಧ್ಯಾಹ್ನ, ಹಿಂಗೇ ಮಳೆ. ಪಾಸ್ಟರ್ ನಾಳೆಯ ಪ್ರಸಂಗ ಬಾಯಿಪಾಠ ಮಾಡೋಣ ಅಂತ ಆ ಪೆಟ್ಟಿಗೆಯೊಳಗೆ ಕೂತಿದ್ರು. ಆಚೆ ಹಲಗೆ ಕಿರ್ ಅಂತು... 'ಫಾದರ್, ನಾನೂ ಒಬ್ಬ ಫಾದರ್. ನೀವು ಕೂತಿರೋ ಕಡೆಯೇ ಕೂತು ಒಬ್ಬನ ಪಾಪ ಕೇಳ್ದೆ. ಅದನ್ನ ಹೊರಗೆ ಆಡ್ಬಿಟ್ಟೆ. ಅವನು ಬಾವಿಗೆ ಬಿದ್ದ.' ನಾನು ಫಾದರ್ ಅಲ್ಲಪ್ಪ, ಪಾಸ್ಟರು ಅಂತ ಆಗಲೇ ಹೇಳ್ಬಹುದಿತ್ತಲ್ವಾ? ಹೇಳ್ಲಿಲ್ಲ. ಕೆಟ್ಟ ಕುತೂಹಲ... ಎಲ್ಲ ಮುಗಿಯೋ ತನಕ ಕೇಳ್ಕೊಂಡು ಆಮೇಲೆ ಹೇಳಿದ್ರು. ಆಚೆ ಕಡೆ ನಗು. 'ಇರಲಿ, ಕೇಳಿಸ್ಕೊಂಡಿರಲ್ಲ? ಇನ್ನು ನೀವೂ ಬಾಯಿ ಬಿಡೋ ಹಾಗಿಲ್ಲ. ಬಿಟ್ರೆ ಈ ಹಲಗೆ ನಿಮ್ಮದು.' ಎದ್ದು ನೋಡಿದ್ರೆ ಯಾರೂ ಇಲ್ಲ. ಹಲಗೆ ಮೇಲೆ ಎರಡು ಮಂಡಿ ಗುರುತು, ಮುಟ್ಟಿದ್ರೆ ಇನ್ನೂ ಬೆಚ್ಚಗೆ.

"ಎಂಟು ದಿನ ಆ ಮನುಷ್ಯ ತುತ್ತು ಎತ್ತಲಿಲ್ಲ. 'ರೀ, ನನ್ನಿಂದ ಏನು ಮುಚ್ಚಿಡ್ತಿದೀರಾ?' 'ಕೇಳ್ಬೇಡ ಕಣೇ.' 'ನಾನೇನು ಬೀದಿಯವಳಾ?'... ಅಷ್ಟು ಸಾಕಾಯ್ತು. ಹೇಳ್ಬಿಟ್ರು. ಎದೆ ಹಗುರಾಯ್ತು ಅಂತ ಹೊಟ್ಟೆ ತುಂಬ ಉಂಡ್ರು. ಮಾರನೇ ಮಧ್ಯಾಹ್ನ ಬೈಬಲ್ ಮರೆತು ಬಂದಿದೀನಿ ಅಂತ ಇಲ್ಲಿಗೆ ಬಂದೋರು... ಬಂದೋರೇ. ಊರಿಗೆ ಊರೇ ಹುಡುಕ್ತು. ಸಿಕ್ಕಿದ್ದು ಆ ಹಲಗೆ ಮುಂದೆ ಬಿಟ್ಟ ಚಪ್ಪಲಿ.

"ಹೆಂಡ್ತಿ ಏನ್ಮಾಡ್ಬೇಕು? ಹೋಗಿ ಫಾದರ್ ಕೂರೋ ಜಾಗದಲ್ಲೇ ಕೂತ್ಲು. ಹಲಗೆ ಕಿರ್ ಅಂತು. 'ನಾನು ಹೇಳಿದ್ದನ್ನ ಯಾರ ಹತ್ರಾನೂ ಆಡ್ಬೇಡ ಕಣೇ... ಆಡಿದ್ರೆ ನೀನೂ ಇಲ್ಲಿಗೆ ಬರ್ಬೇಕಾಗುತ್ತೆ.' ಕಟ್ಟಿಕೊಂಡ ಗಂಡನ ಧ್ವನಿ ಗುರುತು ಸಿಗಲ್ವಾ?

"ನಲವತ್ತು ವರ್ಷ ಅವಳು ತುಟಿ ಬಿಚ್ಚಲಿಲ್ಲ. ಶನಿವಾರ ಬಂದ್ರೆ ಹೋಗಿ ಕೂರ್ತಾಳೆ. ಅವರು ಆಚೆ, ಇವಳು ಈಚೆ, ಮಧ್ಯೆ ಜಾಲರಿ... ಈಗೀಗ ಬರೀ ಉಸಿರು ಕೇಳುತ್ತೆ. ಅವಳಿಗೂ ಕಾದು ಕಾದು ಸಾಕಾಗಿರ್ಬೇಕು.

"ಈಗ ಹೇಳಿ ನೋಡೋಣ, ಜಾಣೆಯರಾ... ಅವಳು ಯಾರು? ಇಷ್ಟು ವರ್ಷ ಬಿಟ್ಟು ಇವತ್ತು ನಿಮಗೆ ಇದನ್ನ ಯಾಕೆ ಹೇಳಿದ್ಲು?"